ಮಿಷಿನ್‌ದು ತಪ್ಪು

ಗಂಟೆ ಒತ್ತಿದ್ದು ತಾನೇ ಎಂದು ಸಂಯುಕ್ತಾಗೆ ಗೊತ್ತಾದದ್ದು ಚರ್ಚಾಸ್ಪರ್ಧೆಯ ಸಭಾಂಗಣ ಪೂರ್ತಿ ಸುಮ್ಮನಾದ ಮೇಲೆ. ಮೇಜಿನ ಮೇಲಿನ ಹಿತ್ತಾಳೆ ಗಂಟೆಯ ಮೇಲೆ ಅವಳ ಅಂಗೈ ಇನ್ನೂ ಒತ್ತಿಕೊಂಡೇ ಇತ್ತು. ಪಕ್ಕದಲ್ಲಿ ಕೂತು ಸಮಯ ನೋಡುತ್ತಿದ್ದ ಕಾಮರ್ಸ್ ವಿಭಾಗದ ಮೇಡಮ್ ತನ್ನ ಮೊಬೈಲನ್ನು ಇವಳ ಕಡೆ ವಾಲಿಸಿ, ಇನ್ನೂ ಟೈಮ್ ಇದೆಯಲ್ಲ ಎನ್ನುವಂತೆ ಹುಬ್ಬೇರಿಸಿದಳು. ಮೈಕಿನ ಮುಂದೆ ಅಮ್ರೀನ್ ತೆರೆದ ಬಾಯಿ ತೆರೆದಂತೆಯೇ ನಿಂತಿದ್ದಳು. "ಆ ದನಿಯನ್ನ ಸ್ಟೇಜಿಗೆ ಹತ್ತಿಸಿದವರು ಯಾರು ಅಂದರೆ" ಎಂಬಲ್ಲಿಗೆ ಅವಳ ಮಾತು ನಿಂತಿತ್ತು. ಈಗ ಜಗಳಕ್ಕೆ ಬರುತ್ತಾಳೆ, ನನ್ನ ಸಮಯ ಮುಗಿದಿಲ್ಲ ಎಂದು ಕೇಳುತ್ತಾಳೆ, ಕೇಳಲಿ ದೇವರೇ ಎಂದು ಸಂಯುಕ್ತಾ ಕಾದಳು. ಕೇಳಲಿಲ್ಲ. ಗಂಟೆ ಬಿತ್ತೆಂದರೆ ವಾಕ್ಯ ಎಲ್ಲಿದ್ದರೂ ಅಲ್ಲೇ ಬಿಟ್ಟು ಇಳಿಯಬೇಕು, ಅದೇ ಸಭೆಯ ಮರ್ಯಾದೆ ಎಂದು ಆ ಹುಡುಗಿಗೆ ಕಲಿಸಿದವಳು ಸಂಯುಕ್ತಾಳೇ. ಅಮ್ರೀನ್ ಬಾಯಿ ಮುಚ್ಚಿದಳು, ದುಪಟ್ಟಾ ಸರಿಮಾಡಿಕೊಂಡಳು, "ಇಷ್ಟು ಹೇಳಿ ನನ್ನ ಮಾತಿಗೆ ವಿರಾಮ ಹೇಳುತ್ತೇನೆ, ವಂದನೆಗಳು" ಎಂದು ಕೈಮುಗಿದು ಮೆಟ್ಟಿಲಿಳಿದಳು. ಯಾರೋ ಚಪ್ಪಾಳೆಗೆ ಎತ್ತಿದ ಕೈಯನ್ನು ಹಾಗೇ ಇಳಿಸಿದರು. ನಾನಾ, ನಾನು ಹೀಗೆ ಮಾಡಿದೆನಾ ಎಂದು ಸಂಯುಕ್ತಾ ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡು ನೋಡಿದಳು. ಬೆಳಿಗ್ಗೆ ಹಾಲು ಉಕ್ಕಿದಾಗ ಒಲೆ ಆರಿಸಲು ಹೋಗಿ ಸುಟ್ಟುಕೊಂಡ ಬೆರಳು ಉರಿಯುತ್ತಿತ್ತು.

ಬೆಳಿಗ್ಗೆ ಹಾಲು ಉಕ್ಕಿತ್ತು. ಗಂಡ ಗಿರಿ ಅಡುಗೆಮನೆ ಬಾಗಿಲಲ್ಲಿ ಫೋನು ಹಿಡಿದು ನಿಂತಿದ್ದ, ನೋಡಿಕೋ ಅಂತ ಹೇಳಿ ಅವಳು ಹೂವಿನ ಗಿಡಕ್ಕೆ ನೀರು ಹಾಕಲು ಹೋಗಿದ್ದಳು. ಬಂದು ನೋಡಿದರೆ ಒಲೆಯೆಲ್ಲ ಹಾಲು. ಗಿರಿ ತಲೆಯೆತ್ತದೆ, ಮೂಗಿನಿಂದ ದನಿ ಎಳೆದು, "ನಂದೂ ತಪ್ಪಿಲ್ಲ ಮೇಡಮ್ಮಾ, ಮಿಷಿನ್‌ದೂ ತಪ್ಪೂ" ಎಂದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಆ ಮನೆಯಲ್ಲಿ ತಪ್ಪಾಯಿತು ಎಂಬ ಮಾತನ್ನು ಯಾರೂ ಹೇಳದೆ ಎಷ್ಟೋ ಕಾಲವಾಗಿತ್ತು. ಲೋಟ ಒಡೆದರೂ, ಗ್ಯಾಸ್ ಬುಕ್ ಮಾಡಲು ಮರೆತರೂ, ಒಮ್ಮೆ ಅವಳ ಅಮ್ಮನ ತಿಥಿಯ ದಿನ ಗಿರಿ ಕಾರ್ಯಕ್ರಮಕ್ಕೆಂದು ಮಂಡ್ಯಕ್ಕೆ ಹೋಗಿ ರಾತ್ರಿ ಬಂದು ನಿಂತಾಗಲೂ ಅದೇ ಮಾತು, ಅದೇ ರಾಗ, ಆಮೇಲೆ ನಗು, ನಕ್ಕ ಮೇಲೆ ಮಾಫಿ. ಗಿರಿ ವಾರವೆಲ್ಲ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು, ಶನಿವಾರ ಭಾನುವಾರ ನಗೆಹಬ್ಬದ ಗಿರಿ. ಸೀರೆಗೆ ಫಾಲ್ ಹೊಲಿಯುವ ಮಿಷಿನ್ ಬೀಬಿ ಎಂಬ ಹೆಂಗಸಿನ ದನಿಯಲ್ಲಿ ಅವನು ಮಾತಾಡತೊಡಗಿದರೆ ಜನ ಕುರ್ಚಿ ತಟ್ಟಿಕೊಂಡು ನಗುತ್ತಿದ್ದರು. ಅದರ ತುಣುಕೊಂದು ಹೋದ ವರ್ಷ ಎಲ್ಲರ ಫೋನಿಗೂ ಬಂದು ಕೂತಿತ್ತು. ಈಗ ಅದೇ ತುಣುಕು ತಿರುಗಿ ಬಿದ್ದಿತ್ತು. ಸಂಯುಕ್ತಾ ಕನ್ನಡ ಪಾಠ ಮಾಡುವ ಸೋಲದೇವನಹಳ್ಳಿಯ ಕಾಲೇಜಿನಲ್ಲೇ, ರಾಜ್ಯೋತ್ಸವಕ್ಕೆ ಗಿರಿ ಬರುವುದು ಬೇಡ, ನಮ್ಮ ಮನೆಯವರ ಮಾತನ್ನು ಆಡಿಕೊಳ್ಳುವವರಿಗೆ ನಮ್ಮ ಕಾಲೇಜಿನ ಮೈಕು ಬೇಡ ಎಂದು ಹುಡುಗರು ಸಹಿ ಹಾಕಿ ಮನವಿ ಕೊಟ್ಟಿದ್ದರು. ಮೊದಲ ಸಹಿ ಅಮ್ರೀನಳದು. ಗಿರಿಯನ್ನು ಕಾರ್ಯಕ್ರಮಕ್ಕೆ ಕರೆಯುವ ಉಳಿದ ಸಂಘಗಳವರೆಲ್ಲ ಈ ಕಾಲೇಜು ಏನು ಮಾಡುತ್ತದೋ ನೋಡೋಣ ಎಂದು ಕಾಯುತ್ತಿದ್ದರು. ಆ ಹುಡುಗಿ ಮನವಿ ವಾಪಸ್ ತಗೊಂಡರೆ ನಂದೇನೂ ಅಭ್ಯಂತರವಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದ್ದರು. "ನಿನ್ ಶಿಷ್ಯೆ ತಾನೇ? ಒಂದ್ ಮಾತು ಹೇಳೇ," ಎಂದು ಗಿರಿ ಈಗ ಮಾಮೂಲಿ ದನಿಯಲ್ಲಿ ಕೇಳಿದ. ಅವನ ಗಡ್ಡದಲ್ಲಿ ಬಿಳಿ ಕೂದಲು ಅಷ್ಟಿರುವುದು ಅವಳಿಗೆ ಗೊತ್ತೇ ಇರಲಿಲ್ಲ. "ಇಪ್ಪತ್ತು ವರ್ಷ ಜನಾನ ನಗಿಸಿದೀನಿ ಕಣೇ. ಯಾರಿಗೇನ್ ಮಾಡ್ದೆ ನಾನು?"

ಸ್ಟಾಫ್ ರೂಮಿನಲ್ಲಿ ಅಮ್ರೀನಳನ್ನು ಎದುರಿಗೆ ಕೂರಿಸಿಕೊಂಡಾಗ ಸಂಯುಕ್ತಾಗೆ ಗಂಡನ ಪರ ಮಾತಾಡುತ್ತಿದ್ದೇನೆ ಎಂದು ಒಂದಿಷ್ಟೂ ಅನ್ನಿಸಿರಲಿಲ್ಲ. ಓದುವ ಕಾಲದಲ್ಲಿ ಯಾವುದೋ ಬೀದಿ ನಾಟಕ ನಿಲ್ಲಿಸಿದರೆಂದು ಯಶವಂತಪುರದ ಸರ್ಕಲ್ಲಿನಲ್ಲಿ ಉರಿಬಿಸಿಲಲ್ಲಿ ಕೂತು ಪೊಲೀಸರ ವ್ಯಾನು ಹತ್ತಿದವಳು ಅವಳು. ಆ ನಾಟಕ ಅವಳಿಗೆ ಇಷ್ಟವೂ ಆಗಿರಲಿಲ್ಲ, ಅದನ್ನೇ ಈಗಲೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

"ಏನಮ್ಮಾ, ನಿಮ್ಮ ವಯಸ್ಸಿನವರಿಗೆ ನಗು ಅಂದ್ರೆ ಅಷ್ಟೊಂದು ಭಯಾನಾ?"

"ನಗೋಕೆ ಭಯ ಇಲ್ಲ ಮೇಡಮ್. ಯಾರನ್ನ ನೋಡಿ ನಗ್ತಿದ್ದಾರೆ ಅಂತ ಒಂದ್ಸಲ ತಿರುಗಿ ನೋಡ್ತೀವಿ, ಅಷ್ಟೇ."

"ನೋವಾದ್ರೆ ಉತ್ತರ ಕೊಡು. ನೀನೂ ಸ್ಟೇಜ್ ಹತ್ತು, ನಮ್ಮ ಮಾತನ್ನ ಆಡ್ಕೊ. ನಾವೂ ಕೂತು ನಗ್ತೀವಿ. ಬೇಡ ಅನ್ನೋದೇನು? ಓಡಿಸಿ ಅನ್ನೋದೇನು?"

"ಓಡಿಸಿ ಅಂದಿಲ್ಲ ಮೇಡಮ್. ನಮ್ಮ ಮನೆಗೆ ಕರೀಬೇಡಿ ಅಂದ್ವಿ. ಊರ ತುಂಬಾ ಸ್ಟೇಜ್ ಇದಾವಲ್ಲ ಸಾರ್‌ಗೆ. ಅವರು ಆಡ್ಕೊಳ್ಳೋರಿಗೆ ಎಷ್ಟಿದಾವೆ?"

"ಅದಕ್ಕೇ ಇರೋರ ಕೈಯಿಂದ ಕಿತ್ಕೋಬೇಕಾ? ನಿಮ್ಮ ಹುಡುಗರು ಅವರ ಸ್ಕೂಲಿಗೆ ಫೋನ್ ಮಾಡಿ ಕೆಲಸದಿಂದ ತೆಗೀರಿ ಅಂತಿದ್ದಾರೆ. ಮನುಷ್ಯನ ಅನ್ನಕ್ಕೇ ಕೈ ಹಾಕೋದು ಯಾವ ನ್ಯಾಯ?"

ಅಮ್ರೀನ್ ಮುಖ ಕೆಳಗೆ ಹಾಕಿದಳು. "ಅದು ತಪ್ಪು ಮೇಡಮ್. ಹಂಗೆಲ್ಲ ಮಾಡ್ಬೇಡಿ ಅಂತ ನಾನೇ ಗ್ರೂಪಲ್ಲಿ ಹಾಕಿದೆ. ನನ್ನನ್ನೇ ಬೈದ್ರು."

ಗೆದ್ದೆ ಎಂದು ಸಂಯುಕ್ತಾಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯ ಬಿಸಿಯಲ್ಲೇ, ಇವತ್ತು ನೀನು ಒಬ್ಬರ ಬಾಯಿ ಮುಚ್ಚಿಸೋಕೆ ಹೋದ್ರೆ ನಾಳೆ ನಿನ್ನ ಬಾಯಿ ಮುಚ್ಚಿಸೋಕೆ ಬರ್ತಾರೆ, ಅವರ ಸಂಖ್ಯೆ ನಿಮಗಿಂತ ದೊಡ್ಡದು, ನೆನಪಿರಲಿ ಅಂದುಬಿಟ್ಟಳು. ವಾದವಾಗಿ ಹೊರಟ ಮಾತು ಬೆದರಿಕೆಯಾಗಿ ಮೇಜಿನ ಮೇಲೆ ಬಿತ್ತು. 'ನಿಮಗಿಂತ' ಅಂದೆನಲ್ಲ, ಥೂ, ಯಾರಿಗಿಂತ? ಅಮ್ರೀನ್ ಮಾತ್ರ ಬೇಸರಿಸಿಕೊಂಡಂತೆ ಕಾಣಲಿಲ್ಲ. "ಅವರು ನಾಳೆವರೆಗೂ ಕಾಯ್ತಿಲ್ಲ ಮೇಡಮ್" ಎಂದು ಎದ್ದಳು. "ಮಧ್ಯಾಹ್ನ ಡಿಬೇಟಲ್ಲಿ ಹೇಳ್ತೀನಿ. ನೀವು ಪೂರ್ತಿ ಕೇಳಿ, ಆಮೇಲೆ ವಾಪಸ್ ತಗೊ ಅಂದ್ರೆ ತಗೋತೀನಿ."

ಚರ್ಚಾಸ್ಪರ್ಧೆಗೆ ಹುಡುಗರನ್ನು ತಯಾರು ಮಾಡುವುದರಲ್ಲಿ ಸಂಯುಕ್ತಾಳದೊಂದು ಪದ್ಧತಿಯಿತ್ತು. ಪರ, ವಿರೋಧ ಎರಡೂ ಭಾಷಣವನ್ನು ಅವಳೇ ಬರೆದು ಬಾಯಿಪಾಠ ಮಾಡಿಸುತ್ತಿದ್ದಳು, ಮತ್ತು ಯಾರಿಗೆ ಯಾವ ಪಕ್ಷ ಒಪ್ಪುವುದಿಲ್ಲವೋ ಅವರಿಗೆ ಅದನ್ನೇ ಕೊಡುತ್ತಿದ್ದಳು. ಎದುರಿನವನ ಬಾಯಲ್ಲಿ ನಿಂತು ಮಾತಾಡಿದರೆ ಬುದ್ಧಿ ಹರಿತವಾಗುತ್ತದೆ ಎಂದು ಅವಳ ನಂಬಿಕೆ. ಇವತ್ತಿನ ವಿಷಯ 'ಮನ ನೋಯಿಸುವ ಮಾತಿಗೂ ವೇದಿಕೆ ಇರಬೇಕು ಎಂಬುದು ಈ ಸಭೆಯ ಅಭಿಪ್ರಾಯ.' ಪರ ಪಕ್ಷ ಅಮ್ರೀನಳಿಗೆ. ಬೇಕೆಂದೇ ಕೊಟ್ಟಿದ್ದಳು. ಹುಡುಗಿ ಮೈಕಿನ ಮುಂದೆ ನಿಂತು ಶುರುಮಾಡಿದಾಗ ಸಂಯುಕ್ತಾಳ ಎದೆ ಉಬ್ಬಿತು, ಯಾಕೆಂದರೆ ಮಾತಷ್ಟೇ ಅಲ್ಲ, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎಡಗೈ ಎತ್ತಬೇಕು, ಯಾವ ಪದಕ್ಕೆ ದನಿ ಇಳಿಸಬೇಕು, ಎಲ್ಲ ಅವಳದೇ. ಮಾತನ್ನು ತಡೆಯುವವನು ಮೊದಲು ತನ್ನ ಕಿವಿಯನ್ನು ಕಳೆದುಕೊಳ್ಳುತ್ತಾನೆ ಎಂಬ ವಾಕ್ಯ ಬಂದಾಗ ಹಿಂದಿನ ಸಾಲಿನ ಪೋಲಿಗಳೂ ಕಿವಿಗೊಟ್ಟರು. ಗಿರಿ ಕೇಳಬೇಕಿತ್ತು ಇದನ್ನು ಎಂದುಕೊಂಡಳು. ಅಷ್ಟರಲ್ಲಿ ಹುಡುಗಿ ಎಡಗೈ ಇಳಿಸಿದಳು. ಅಲ್ಲಿ ಇಳಿಸುವುದು ಇರಲಿಲ್ಲ.

"ಇಲ್ಲೀವರೆಗೆ ಹೇಳಿದ್ದು ಬರೆದುಕೊಟ್ಟ ಮಾತು. ಮುಂದಿನದು ನನ್ನದು. ಪಕ್ಷ ಬದಲಾಯಿಸ್ತಾ ಇಲ್ಲ, ಮಾತಿನ ಸ್ವಾತಂತ್ರ್ಯದ ಪರವಾಗಿಯೇ ಇದ್ದೀನಿ. ನಮ್ಮ ದಾದಿಯ ಮಾತಿನ ಸ್ವಾತಂತ್ರ್ಯದ ಪರವಾಗಿ. ದಾದಿ ಅಂದರೆ ನಮ್ಮ ಅಪ್ಪನ ಅಮ್ಮ, ಹೆಸರು ಮಲ್ಕಾ. ಹಳೇ ಯಲಹಂಕದಲ್ಲಿ ಅಂಗಡಿ ಇಟ್ಟುಕೊಂಡು ಸೀರೆಗೆ ಫಾಲ್ ಹೊಲೀತಿದ್ದರು."

ಸಂಯುಕ್ತಾಗೆ ಮೊದಲು ಕೇಳಿಸಿದ್ದು ಹೆಸರಲ್ಲ. ಹೊಲೀತಿದ್ದರು, ಎಂಬ ಬಹುವಚನ. ಸಂಯುಕ್ತಾಳ ಮನೆಯಲ್ಲಿ ಯಾವತ್ತೂ ಅವಳು, ಮಲ್ಕಾ ಏನಂದ್ಲು ಗೊತ್ತಾ, ಆ ಮಲ್ಕಾ ಇದಾಳಲ್ಲ. ಮೂರು ವರ್ಷ ಎದುರಿಗೆ ಕೂತ ಹುಡುಗಿಯ ಮುಖದಲ್ಲಿ ಮಲ್ಕಾಳ ಆ ಗಲ್ಲ, ಆ ಹುಬ್ಬು ಇದ್ದವು, ಒಂದು ದಿನವೂ ಕಣ್ಣಿಗೆ ಬಿದ್ದಿರಲಿಲ್ಲ. ಅಮ್ರೀನ್ ಹೇಳುತ್ತಲೇ ಇದ್ದಳು. ದಾದಿಗೆ ಬೀದಿಯಲ್ಲಿ ಹೋಗುವ ಬರುವವರನ್ನೆಲ್ಲ ಕರೆದು ಮಾತಾಡಿಸುವ ಚಟ. ರೀಲು ಬಂದ ಮೇಲೆ ಜನ ಅಂಗಡಿ ಮುಂದೆ ಗಾಡಿ ನಿಧಾನ ಮಾಡಿ ಮಿಷಿನ್‌ದು ತಪ್ಪಾ ಬೀಬಿ ಎಂದು ಕೂಗಿ ಹೋಗತೊಡಗಿದರು. ಮೊದಮೊದಲು ದಾದಿಯೂ ನಕ್ಕರು. ಆಮೇಲೆ ಯಾರೋ ಸೀರೆ ಕೊಡುವ ನೆಪದಲ್ಲಿ ಬಂದು, ಫೋನು ಮುಖಕ್ಕೆ ಹಿಡಿದು, ಹೇಳಿ ಅಜ್ಜಿ, ಒಂದ್ಸಲ ಹೇಳಿ ಎಂದರು. ಅವತ್ತಿನಿಂದ ದಾದಿ ಅಂಗಡಿಯಲ್ಲಿ ಬೆರಳು ತೋರಿಸಿ, ತಲೆ ಅಲ್ಲಾಡಿಸಿ ವ್ಯಾಪಾರ ಮಾಡಿದರು. ಆಮೇಲೆ ಅಂಗಡಿ ಮುಚ್ಚಿದರು. "ಮೊನ್ನೆ ಆಸ್ಪತ್ರೇಲಿ ಡಾಕ್ಟರು ಎಲ್ಲಿ ನೋವು ಅಂತ ಕೇಳಿದರೆ ದಾದಿ ನನ್ನ ಮುಖ ನೋಡಿದರು. ಕನ್ನಡ ಬರಲ್ಲ ಅಂತಲ್ಲ. ಬಾಯಿ ಬಿಟ್ಟರೆ ನರ್ಸುಗಳು ನಗ್ತಾರೆ ಅಂತ. ಹೊಟ್ಟೇಲಿ ನೋವಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಅವರ ಬಾಯಿ ಮುಚ್ಚಿಸೋಕೆ ಯಾರೂ ಸಹಿ ಹಾಕಿರಲಿಲ್ಲ, ಮನವಿ ಕೊಟ್ಟಿರಲಿಲ್ಲ. ಆ ದನಿಯನ್ನ ಸ್ಟೇಜಿಗೆ ಹತ್ತಿಸಿದವರು ಯಾರು ಅಂದರೆ"

ಗಿರಿ ಎನ್ನುತ್ತಾಳೆ ಎಂದು ಸಂಯುಕ್ತಾ ಹೆದರಲಿಲ್ಲ. ಗಿರಿಯ ಹೆಸರು ಆಗಲೇ ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಹಿಂದಿನ ಹೆಸರು, ಯಾರಿಗೂ ಗೊತ್ತಿರಲು ಸಾಧ್ಯವಿಲ್ಲದ್ದು, ಈ ಹುಡುಗಿಯ ಬಾಯಲ್ಲಿ ಹೇಗೋ ಬಂದೇಬಿಡುತ್ತದೆ ಎಂದು ಕೈಗೆ ಅನ್ನಿಸಿ ಅದು ಗಂಟೆ ಒತ್ತಿತೇನೋ. ಯಾಕೆಂದರೆ ಗಿರಿ ಮಲ್ಕಾಳ ಅಂಗಡಿಯ ಮೆಟ್ಟಿಲನ್ನೇ ಹತ್ತಿದವನಲ್ಲ. ಹಸಿರು ಮೈಸೂರು ಸಿಲ್ಕಿಗೆ ಫಾಲ್ ಒಂದು ಕಡೆ ಸುಕ್ಕು ಬಿದ್ದಿದೆ ಎಂದು ತೋರಿಸಲು ಹೋಗಿ, ಮಿಷಿನ್‌ದು ತಪ್ಪು ಎಂಬ ಆ ಉತ್ತರ ಕೇಳಿ ಬಂದವಳು ಸಂಯುಕ್ತಾ. ಊಟಕ್ಕೆ ಕೂತಾಗ ಸೆರಗನ್ನು ತಲೆಯ ಮೇಲೆ ಹಾಕಿಕೊಂಡು, ಕಣ್ಣು ಅಗಲ ಮಾಡಿ, ನಂದೂ ತಪ್ಪಿಲ್ಲ ಮೇಡಮ್ಮಾ ಎಂದು ಮಾಡಿ ತೋರಿಸಿದಳು. ಗಿರಿಗೆ ಅನ್ನ ನೆತ್ತಿಗೆ ಹತ್ತಿತು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ, ಇನ್ನೊಂದ್ಸಲ ಮಾಡೇ ಎಂದ, ಮಾಡಿದಳು, ಇನ್ನೂ ಒಂದು ಸಲ. ಊರನ್ನೆಲ್ಲ ನಗಿಸುವವನು ಮನೆಯಲ್ಲಿ ಗುಮ್ಮನೆ ಕೂರುತ್ತಿದ್ದ ವರ್ಷಗಳು ಅವು. ಇವನನ್ನು ನಾನು ನಗಿಸಿದೆ ಎಂದು ಅವಳಿಗೆ ಅವತ್ತು ಆದ ಸಂತೋಷ, ನಿಜ ಹೇಳಬೇಕೆಂದರೆ, ಮದುವೆಯ ದಿನವೂ ಆಗಿರಲಿಲ್ಲ. ಅಲ್ಲಿಂದಾಚೆ ಮಲ್ಕಾಳ ಅಂಗಡಿಗೆ ಸೀರೆ ಕೊಡಲು ಹೋದಾಗಲೆಲ್ಲ ಹೊಸ ಮಾತು ಸಿಗುತ್ತದಾ ಎಂದು ಕಾದು ನಿಲ್ಲುತ್ತಿದ್ದಳು. ಮಲ್ಕಾ ಅದನ್ನು ಅಕ್ಕರೆ ಎಂದುಕೊಂಡು ಸ್ಟೂಲು ಎಳೆದು ಕೂರಿಸಿ ಚಹಾ ತರಿಸುತ್ತಿದ್ದಳು. ಒಂದು ದಿನ ಹೋದರೆ ಶಟರ್ ಎಳೆದಿತ್ತು. ಮತ್ತೊಂದು ದಿನವೂ. ಊರಿಗೆ ಹೋಗಿರಬೇಕು ಎಂದುಕೊಂಡು ಯಲಹಂಕ ನ್ಯೂಟೌನಿನಲ್ಲೇ ಬೇರೆ ಅಂಗಡಿ ಹುಡುಕಿಕೊಂಡಳು. ಅಷ್ಟೇ, ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಬಹುಮಾನ ಯಾರಿಗೆ ಕೊಟ್ಟರು ಎಂಬುದು ಅವಳ ತಲೆಗೆ ಹೋಗಲಿಲ್ಲ. ಹೊರಗೆ ಬಂದರೆ ಅಮ್ರೀನ್ ನಲ್ಲಿಯ ಹತ್ತಿರ ನೀರಿನ ಬಾಟಲಿ ತುಂಬಿಕೊಳ್ಳುತ್ತಿದ್ದಳು. ಬೈಯಲಿ, ಅಳಲಿ, ನೀವೂ ಅವರ ಥರಾನೇ ಅನ್ನಲಿ ಎಂದು ಸಂಯುಕ್ತಾ ಹತ್ತಿರ ಹೋಗಿ ನಿಂತಳು. "ಇನ್ನೂ ಟೈಮಿತ್ತು ನಿನಗೆ" ಎಂದಳು.

"ಗೊತ್ತು ಮೇಡಮ್."

"ಮತ್ಯಾಕೆ ಇಳಿದೆ?"

"ಗಂಟೆ ಹೊಡೆದ್ರಲ್ಲ ನೀವು." ಅದರಲ್ಲಿ ಚುಚ್ಚುವುದೇನೂ ಇರಲಿಲ್ಲ, ಅದೇ ಸಂಯುಕ್ತಾಳ ಎದೆಗೆ ಒದ್ದಂತಾಯಿತು. ಬಾಟಲಿಯ ಮುಚ್ಚಳ ತಿರುಗಿಸುತ್ತ ಹುಡುಗಿ ಹೇಳಿದಳು. "ಮೇಡಮ್, ನಾನು ವಾಪಸ್ ತಗೋತೀನಿ. ಸಾರ್ ಪ್ರೋಗ್ರಾಮ್ ಆಗ್ಲಿ. ಸಾರ್‌ನ ಕೆಲಸದಿಂದ ತೆಗೀಬೇಕು ಅಂತೆಲ್ಲ ನಂಗೆ ಆಸೆ ಇಲ್ಲ. ಒಂದೇ ಒಂದ್ಸಲ ನಮ್ ದಾದಿ ಹತ್ರ ಬಂದು ತಪ್ಪಾಯ್ತು ಅಂದ್ಬಿಟ್ರೆ ಸಾಕು. ಸಾರ್ ಆದ್ರೂ ಸರಿ, ನೀವಾದ್ರೂ ಸರಿ. ಮೈಕಲ್ಲಿ ಬೇಡ. ಮನೇಲಿ."

ಇಷ್ಟೇನಾ ಎಂದು ಸಂಯುಕ್ತಾಗೆ ಅಳುವೇ ಬಂತು. ಇಷ್ಟಕ್ಕಾಗಿ ಬೆಳಿಗ್ಗೆಯಿಂದ ಆ ವಾದ, ಆ ಸರ್ಕಲ್ಲಿನ ಬಿಸಿಲು, ಆ ಸ್ವಾತಂತ್ರ್ಯ! ಗಿರಿಗೆ ಫೋನು ಮಾಡಲಿಲ್ಲ. ಮಾಡಿದರೆ ಅವನು ಏನು ಹೇಳುತ್ತಾನೆ, ಯಾವ ದನಿಯಲ್ಲಿ ಹೇಳುತ್ತಾನೆ ಎಂದು ಗೊತ್ತಿತ್ತು. "ಹತ್ತು" ಎಂದು ಅಮ್ರೀನಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಮಾತು ಜೋಡಿಸಿದಳು. ಮಲ್ಕಾ ಅವರೇ, ನನ್ನಿಂದ ತಪ್ಪಾಯಿತು. ಅವರೇ ಎನ್ನುವಾಗ ನಾಲಗೆ ತಡವರಿಸಿತು, ಮತ್ತೆ ಹೇಳಿಕೊಂಡಳು. ನನ್ನಿಂದ ದೊಡ್ಡ ತಪ್ಪಾಯಿತು. ದೊಡ್ಡ ಎಂದರೆ ನಾಟಕವಾಗುತ್ತದಾ? ನಮ್ಮಿಂದ ಎನ್ನಲಾ, ಗಿರಿಯನ್ನೂ ಸೇರಿಸಿ? ಬೇಡ, ನನ್ನಿಂದ. ಭಾಷಣ ಬರೆದು ಅಭ್ಯಾಸವಾದವಳು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಗುರುತು ಮಾಡಿಕೊಂಡಳು. ತಲೆಯ ಮೇಲೆ ಜಕ್ಕೂರಿನ ಏರ್‌ಫೀಲ್ಡಿನ ಪುಟ್ಟ ವಿಮಾನವೊಂದು ಗುಂಯ್ಗುಡುತ್ತ ಸುತ್ತು ಹಾಕುತ್ತಿತ್ತು.

ಹಳೇ ಯಲಹಂಕದ ಓಣಿಯಲ್ಲಿ ಮನೆ. ಬಾಗಿಲ ಪಕ್ಕದಲ್ಲೇ ಹೊಲಿಗೆ ಮಿಷಿನ್, ಅದರ ಮೇಲೆ ಹಳೇ ಬೆಡ್‌ಶೀಟು ಹೊದಿಸಿ ಮೆಂತ್ಯದ ಸೊಪ್ಪು ಹರಡಿದ್ದರು. ಅಮ್ರೀನ್ ಚಪ್ಪಲಿ ಬಿಡುತ್ತ, "ದಾದೀ, ದೇಖೋ ಕೌನ್ ಆಯೆ", ಯಾರು ಬಂದಿದ್ದಾರೆ ನೋಡಿ, ಎಂದು ಕರೆದು ನೀರು ತರಲು ಒಳಗೆ ಹೋದಳು. ಮಲ್ಕಾ ಹೊರಗೆ ಬಂದಳು. ಇಷ್ಟು ಸಣ್ಣ ಹೆಂಗಸಾ? ಗಿರಿ ಸ್ಟೇಜಿನ ಮೇಲೆ ಅವಳನ್ನು ಎಷ್ಟು ದಪ್ಪ ಮಾಡಿದ್ದನೆಂದರೆ, ಸಂಯುಕ್ತಾಗೆ ಅದೇ ನಿಜವಾಗಿಬಿಟ್ಟಿತ್ತು. ಮುದುಕಿ ಗುರುತು ಹಿಡಿದಳು. ಹಿಡಿದ ತಕ್ಷಣ ಮುಖ ಅರಳಿತು, ಬಾಯಿ ತೆರೆಯಿತು, ಹಳೆಯ ಹಾಗೆ ಏನೋ ಕೂಗಿ ಕರೆಯುತ್ತಾಳೆ ಎನ್ನುವಷ್ಟರಲ್ಲಿ ಏನನ್ನೋ ನೆನಪಿಸಿಕೊಂಡವಳಂತೆ ತುಟಿ ಬಿಗಿದು, ಕುರ್ಚಿಯ ಕಡೆ ಬರೀ ಕೈ ತೋರಿಸಿದಳು. ಹುಡುಗಿ ಹೇಳಿದ್ದು ಒಂದಕ್ಷರವೂ ಸುಳ್ಳಲ್ಲ. ಸಂಯುಕ್ತಾ ಕೂರಲಿಲ್ಲ. ಜೋಡಿಸಿಕೊಂಡ ಮಾತೆಲ್ಲ ಚೆಲ್ಲಿಹೋಗಿ, ಒಂದೇ ಮಾತು ಉಳಿದು, ಅದು ನಿಜವಾಗಿಯೂ ಹೊಟ್ಟೆಯ ಆಳದಿಂದ, ಕಣ್ಣೀರಿನ ಜೊತೆಯಲ್ಲೇ ಹೊರಗೆ ಬಂತು.

"ನಂದೂ ತಪ್ಪೂ ಮೇಡಮ್ಮಾ..."

ಮೂಗಿನಿಂದ ಎಳೆದು, ಕೊನೆಗೆ ಮೇಲಕ್ಕೆತ್ತಿ, ಊಟಕ್ಕೆ ಕೂತಾಗ ಮಾಡುತ್ತಿದ್ದ ಹಾಗೆಯೇ. ಕಣ್ಣೂ ಅಗಲವಾಗಿತ್ತು. ತನ್ನ ದನಿ ಕಿವಿಗೆ ಬಿದ್ದಾಗ ಸಂಯುಕ್ತಾಗೆ ಇದು ಯಾರೋ ಹಿಂದಿನಿಂದ ಅಂದದ್ದು ಎನ್ನಿಸಿ ನಿಜವಾಗಿಯೂ ತಿರುಗಿ ನೋಡಿದಳು. ಓಣಿಯಲ್ಲಿ ಯಾರೂ ಇರಲಿಲ್ಲ. ಅಯ್ಯೋ, ಅಲ್ಲ, ಹಾಗಲ್ಲ, ಎಂದು ಹೇಳಲು ಮತ್ತೆ ಬಾಯಿ ತೆರೆದಳು. ತಪ್ಪು ಎಂಬುದನ್ನು ಬೇರೆ ಹೇಗೆ ಹೇಳುತ್ತಾರೆ, ಮಾಮೂಲಿ ಮನುಷ್ಯರು ಯಾವ ದನಿಯಲ್ಲಿ ಹೇಳುತ್ತಾರೆ ಎಂದು ಹುಡುಕಿದಳು, ಸಿಗಲಿಲ್ಲ. ಮತ್ತೊಮ್ಮೆ ಅದೇ ಬಂದರೆ ಎಂಬ ಭಯಕ್ಕೆ ಅಂಗೈಯಿಂದ ಬಾಯಿಯನ್ನು ಒತ್ತಿ ಹಿಡಿದಳು. ಒಳಬಾಗಿಲಲ್ಲಿ ಅಮ್ರೀನ್ ನೀರಿನ ಲೋಟ ಹಿಡಿದು ನಿಂತಿದ್ದಳು.

ಮಲ್ಕಾಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಗಿರಾಕಿ ಉಟ್ಟು ಬಂದ ಸೀರೆಯನ್ನು ನೋಡುವ ಹಾಗೆ ಸಂಯುಕ್ತಾಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಎಷ್ಟೋ ದಿನದಿಂದ ಕನ್ನಡ ಆಡದ ಬಾಯಿ ತೆರೆದು, ಎಳೆತವಿಲ್ಲದೆ, ರಾಗವಿಲ್ಲದೆ, ಒಂದೊಂದೇ ಪದವನ್ನು ಜೋಪಾನವಾಗಿ ಇಟ್ಟು ಹೇಳಿದಳು.

"ನೀವು ಭೀ ಚೆನ್ನಾಗಿ ಮಾಡ್ತೀರ ಮೇಡಮ್. ಸಾರ್ ತರಾನೇ."

ಹೇಳಿ, ಮಿಷಿನ್ ಮೇಲಿನ ಸೊಪ್ಪನ್ನು ಒಟ್ಟುಮಾಡಿಕೊಂಡು ಒಳಗೆ ಹೋದಳು.